ಸಂತ ಲಾರೆನ್ಸರ ಬೆಂಕಿಯ ಕಥೆ ಇನ್ನೂ ಹೇಳಬೇಕೇ?

ಪರ: ಹೇಳಲೇಬೇಕು

ಕಾರ್ಕಳದ ಅತ್ತೂರಿನಲ್ಲಿ ಪ್ರತಿ ಜನವರಿಯಲ್ಲಿ ಸಂತ ಲಾರೆನ್ಸರ ಹಬ್ಬ. ಊರವರ ಬಾಯಲ್ಲಿ ಅದು ಅತ್ತೂರು ಸಾಂತ್‌ಮಾರಿ. 2016ರಲ್ಲಿ ಬೆಸಿಲಿಕಾ (ಪೋಪ್ ವಿಶೇಷ ಗೌರವ ಕೊಟ್ಟ ಚರ್ಚು) ಆದ ಆ ಚರ್ಚಿಗೆ ಹಿಂದೂಗಳೂ ಮುಸ್ಲಿಮರೂ ಬಂದು ಮೇಣದಬತ್ತಿ ಹಚ್ಚುತ್ತಾರೆ. ಹರಕೆ ಹೊತ್ತವರಿಗೆ ಈ ಸಂತ ಯಾಕೆ ಹತ್ತಿರ? ಅವರು ಹೇಗೆ ಸತ್ತರು ಅನ್ನುವ ಕಥೆಯಿಂದ.

258ರ ಆಗಸ್ಟ್. ಚಕ್ರವರ್ತಿ ವಲೇರಿಯನ್ ಆಳುತ್ತಿದ್ದ ರೋಮ್. 6ರಂದು ಪೋಪ್ ಎರಡನೇ ಸಿಕ್ಸ್ಟಸ್‌ರನ್ನು ಕೊಂದರು. ಅವರ ಡೀಕನ್ (ಗುರುವಿಗಿಂತ ಕೆಳಗಿನ ದರ್ಜೆಯ ಚರ್ಚ್ ಸೇವಕ) ಲಾರೆನ್ಸರನ್ನು ಅಧಿಕಾರಿ ಕರೆಸಿ, ಚರ್ಚಿನ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದ. ಲಾರೆನ್ಸ್ ಇದ್ದದ್ದನ್ನು ಹಂಚಿಬಿಟ್ಟರು. ಆಮೇಲೆ ಊರಿನ ಬಡವರನ್ನು, ಕಾಲಿಲ್ಲದವರನ್ನು, ಕಣ್ಣಿಲ್ಲದವರನ್ನು ಕರೆತಂದು ನಿಲ್ಲಿಸಿ, ಇವರೇ ನಮ್ಮ ಸಂಪತ್ತು ಎಂದರು. ಅಧಿಕಾರಿಗೆ ಸಿಟ್ಟು ನೆತ್ತಿಗೇರಿತು. ಕಬ್ಬಿಣದ ಸರಳುಗಳ ಮೇಲೆ ಮಲಗಿಸಿ ಕೆಳಗೆ ಕೆಂಡ ಹಾಕಿಸಿದ. ಆಗ ಲಾರೆನ್ಸ್ ಅಂದರಂತೆ: ಈ ಮಗ್ಗುಲು ಬೆಂದಿದೆ, ಮಗುಚಿ ಹಾಕಿ.

ಕೊಲ್ಲುವವನಿಗೆ ಬೇಕಿದ್ದದ್ದು ಚೀರಾಟ. ಸಿಕ್ಕಿದ್ದು ನಗು. ನೋವಿನಲ್ಲಿ ಇರುವವರಿಗೆ ಇದಕ್ಕಿಂತ ದೊಡ್ಡ ಆಸರೆ ಯಾವುದಿದೆ? ಅಡುಗೆಯವರು ಅವರನ್ನೇ ತಮ್ಮ ಪಾಲಕ ಸಂತ ಎಂದು ಒಪ್ಪಿಕೊಂಡರು. ಅವರು ಸತ್ತ ದಿನದ ಸುಮಾರಿಗೆ, ಆಗಸ್ಟ್ 10ರ ಆಸುಪಾಸಿನಲ್ಲಿ, ಉದುರುವ ಉಲ್ಕೆಗಳಿಗೆ ಇಟಲಿಯ ಜನ ಸಂತ ಲಾರೆನ್ಸರ ಕಣ್ಣೀರು ಅನ್ನುತ್ತಾರೆ.

ಸಾಕ್ಷಿ ಎಲ್ಲಿ ಎಂದು ಕೇಳುವವರಿಗೆ ಒಂದು ಮಾತು. ಸಂಪತ್ತಿನ ಪ್ರಸಂಗವನ್ನು ಬರೆದಿಟ್ಟವರು ಮಿಲಾನಿನ ಬಿಷಪ್ ಅಂಬ್ರೋಸ್. ಮಗುಚಿ ಹಾಕಿ ಅನ್ನುವ ಮಾತನ್ನು ಬರೆದಿಟ್ಟವರೂ ಅವರೇ. ಒಂದೇ ಕೈ ಬರೆದದ್ದರಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಸಾಡುವುದು ಹೇಗೆ?

ವಿರೋಧ: ಬೇಡ, ಅದಕ್ಕಿಂತ ದೊಡ್ಡದು ಇದೆ

ಚಿಕ್ಕಂದಿನಲ್ಲಿ ಈ ಕಥೆ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆಂಡ ಕಣ್ಣಿಗೆ ಕಟ್ಟಿತ್ತು. ಬಡವರು ನೆನಪಿನಲ್ಲಿ ಉಳಿಯಲೇ ಇಲ್ಲ. ನನ್ನ ತಕರಾರು ಶುರುವಾಗುವುದು ಇಲ್ಲಿಂದ.

ಲಾರೆನ್ಸ್ ಸತ್ತ ದಿನಗಳಲ್ಲೇ ಬರೆದ ಒಂದು ಪತ್ರ ನಮ್ಮ ಕೈಯಲ್ಲಿದೆ. ಬರೆದವರು ಉತ್ತರ ಆಫ್ರಿಕದ ಕಾರ್ತೇಜಿನ ಬಿಷಪ್ ಸಿಪ್ರಿಯನ್. ಬಿಷಪರು, ಗುರುಗಳು, ಡೀಕನ್ನರನ್ನು ತಡಮಾಡದೆ ಕೊಲ್ಲಬೇಕು ಎಂದು ವಲೇರಿಯನ್ ಆಜ್ಞೆ ಮಾಡಿದ್ದಾನೆ, ಸಿಕ್ಸ್ಟಸ್‌ರನ್ನು ನಾಲ್ವರು ಡೀಕನ್ನರ ಜೊತೆ ಸಮಾಧಿಸ್ಥಳದಲ್ಲೇ ಕೊಂದಿದ್ದಾರೆ ಎಂದು ಅದರಲ್ಲಿದೆ. ಮುಂದಿನ ತಿಂಗಳು ಸಿಪ್ರಿಯನ್‌ರ ತಲೆಯನ್ನೂ ಕತ್ತಿಯಿಂದ ಕಡಿದರು. ಇಷ್ಟು ಆತುರದ ಕೊಲೆಗಳ ನಡುವೆ ಒಬ್ಬರನ್ನು ಮಾತ್ರ ನಿಧಾನವಾಗಿ ಬೇಯಿಸಿದರು ಎಂದು ನಂಬುವುದು ಕಷ್ಟ ಅಲ್ವಾ?

354ರ ರೋಮಿನ ಹುತಾತ್ಮರ ಪಟ್ಟಿಯಲ್ಲಿ ಲಾರೆನ್ಸರ ಹೆಸರಿದೆ, ದಿನ ಇದೆ, ಸಮಾಧಿ ಇರುವ ತಿಬುರ್ತೀನಾ ರಸ್ತೆ ಇದೆ. ಬೆಂಕಿ ಇಲ್ಲ. ಬೆಂಕಿಯ ಮಾತು ಪೋಪ್ ದಮಾಸಸ್ ಬರೆಸಿದ ಶಾಸನದಲ್ಲಿ ಸಿಗುತ್ತದೆ, ನಿಜ. ಆದರೆ ಅಷ್ಟರಲ್ಲಿ ನೂರಕ್ಕೂ ಜಾಸ್ತಿ ವರ್ಷ ಕಳೆದಿತ್ತು. ಲ್ಯಾಟಿನ್‌ನಲ್ಲಿ ‘ಪಾಸ್ಸುಸ್’ ಅಂದರೆ ಹಿಂಸೆ ಅನುಭವಿಸಿದ, ‘ಆಸ್ಸುಸ್’ ಅಂದರೆ ಬೆಂದ. ಪ್ರತಿ ಮಾಡುವಾಗ ಮೊದಲ ಅಕ್ಷರ ಬಿಟ್ಟುಹೋಗಿ ಇಡೀ ಕಥೆ ಹುಟ್ಟಿರಬಹುದು ಎಂಬ ಊಹೆಯೂ ವಿದ್ವಾಂಸರಲ್ಲಿದೆ. ಊಹೆಯೇ ಇರಲಿ, ನಾನು ಅದರ ಮೇಲೆ ಏನನ್ನೂ ಕಟ್ಟುತ್ತಿಲ್ಲ.

ಒಂದೇ ಕೈ ಬರೆದದ್ದು ಎಂಬ ಪ್ರಶ್ನೆ ಗಟ್ಟಿಯಾದದ್ದು. ಆದರೆ ಕೈ ಒಂದೇ ಆದರೂ ಸಾಕ್ಷಿ ಒಂದೇ ಅಲ್ಲ. ಸಂಪತ್ತಿನ ಪ್ರಸಂಗ ನಡೆದದ್ದು ಹಾಗೇ ಇರಲಿಕ್ಕಿಲ್ಲ. ಆದರೆ ಅದರ ಹಿಂದೆ ದಾಖಲೆ ನಿಂತಿದೆ. 251ರಲ್ಲಿ, ಲಾರೆನ್ಸ್ ಸಾಯುವ ಏಳು ವರ್ಷ ಮೊದಲು, ಪೋಪ್ ಕೊರ್ನೇಲಿಯಸ್ ಒಂದು ಪತ್ರದಲ್ಲಿ ರೋಮಿನ ಚರ್ಚಿನ ಲೆಕ್ಕ ಕೊಟ್ಟಿದ್ದಾರೆ. 46 ಗುರುಗಳು, 7 ಡೀಕನ್ನರು. ಚರ್ಚು ಸಾಕುತ್ತಿದ್ದ ವಿಧವೆಯರು ಮತ್ತು ಕಷ್ಟದಲ್ಲಿದ್ದವರು 1500ಕ್ಕೂ ಹೆಚ್ಚು. ಇವರ ಊಟ ಬಟ್ಟೆ ನೋಡಿಕೊಳ್ಳುವುದು ಡೀಕನ್ನರ ಕೆಲಸ. ಲಾರೆನ್ಸ್ ಡೀಕನ್ ಆಗಿ ಮಾಡಿದ್ದು ಇದನ್ನೇ. ಯಾವ ಮನೆಯಲ್ಲಿ ಯಾರಿಗೆ ಕಾಯಿಲೆ, ಯಾರ ಒಲೆ ಹೊತ್ತಿಲ್ಲ ಎಂದು ಅವರಿಗೆ ಗೊತ್ತಿರಲೇಬೇಕು.

ಚಿತ್ರಗಳಲ್ಲಿ ಅವರ ಕೈಗೆ ಕೊಲ್ಲುವ ಸಾಧನ ಕೊಟ್ಟಿದ್ದೇವೆ. ಅದರ ಬದಲು ಒಂದು ರೊಟ್ಟಿ ಬುಟ್ಟಿ ಕೊಡಬಹುದಲ್ಲ. ಮಕ್ಕಳಿಗೆ ಕಥೆ ಹೇಳುವಾಗ ಆ 1500 ಜನರಿಂದ ಶುರುಮಾಡಿ. ಆಗಸ್ಟ್ 10ರಂದು ಲಾರೆನ್ಸರನ್ನು ಕೊಂದರು ಎಂದಷ್ಟೇ ಹೇಳಿ. ಆಮೇಲೆ ಮಕ್ಕಳೇ ಕೇಳುತ್ತಾರೆ, ಮರುದಿನ ಆ ಜನರಿಗೆ ಊಟ ಯಾರು ಕೊಟ್ಟರು ಎಂದು.