ಆಪರೇಷನ್‌ಗೆ ಮುನ್ನ ಮಧುಮೇಹದ ಮಗುವಿಗೆ ಸಿಹಿ ನೀರು ಕೊಡಬಹುದೇ?

ಪರ: ಅಳತೆಯಿಟ್ಟು ಕೊಡಬೇಕು

ಟೈಪ್ 1 ಮಧುಮೇಹದ ಮಗು ಊಟ ಬಿಟ್ಟರೂ ದೀರ್ಘಾವಧಿಯ ಇನ್ಸುಲಿನ್ ಬಿಡುವಂತಿಲ್ಲ. ಬಿಟ್ಟರೆ ರಕ್ತದಲ್ಲಿ ಕೀಟೋನ್ ಎಂಬ ಅಪಾಯಕಾರಿ ಆಮ್ಲ ಏರುತ್ತದೆ. ಇನ್ಸುಲಿನ್ ಕೊಟ್ಟು ಹೊಟ್ಟೆಯನ್ನು ಬಹಳ ಹೊತ್ತು ಖಾಲಿ ಇರಿಸಿದರೆ ಸಕ್ಕರೆ ಕುಸಿಯಬಹುದು. ಹೀಗಿರುವಾಗ ‘ರಾತ್ರಿ ಹನ್ನೆರಡರ ಮೇಲೆ ತೊಟ್ಟು ನೀರೂ ಬೇಡ’ ಎಂಬ ಹಳೆಯ ಕಟ್ಟಪ್ಪಣೆಯನ್ನು ಈ ಮಕ್ಕಳ ಮೇಲೂ ಹೇರುವುದು ನನಗೆ ಒಪ್ಪಿಗೆಯಿಲ್ಲ.

ಘನ ಆಹಾರ 6 ಗಂಟೆ, ಎದೆಹಾಲು 4 ಗಂಟೆ, ತಿಳಿಯಾದ ದ್ರವ 2 ಗಂಟೆ ಮುಂಚೆ ನಿಲ್ಲಬೇಕೆಂಬುದು ಅರಿವಳಿಕೆ ವೈದ್ಯರು ಬಹುಕಾಲದಿಂದ ಪಾಲಿಸಿಕೊಂಡು ಬಂದ ಲೆಕ್ಕ. ಯುರೋಪಿನ ಅರಿವಳಿಕೆ ತಜ್ಞರ ಸಂಘವು 2022ರಲ್ಲಿ ಮಕ್ಕಳಿಗೆ ತಿಳಿ ದ್ರವವನ್ನು 1 ಗಂಟೆ ಮುಂಚಿನವರೆಗೂ ಕೊಡಬಹುದೆಂದಿತು. ವಾರ್ಡಿನಲ್ಲಿ ಮಾತ್ರ ಗಡಿಯಾರ ಬೇರೆಯೇ. ಎಂಟಕ್ಕೆ ಎಂದಿದ್ದ ಸರದಿ ಹನ್ನೊಂದಕ್ಕೆ ಜಾರಿದ ದಿನ, ಮಂಚದ ಅಂಚಿನಲ್ಲಿ ಕುಳಿತ ಏಳು ವರ್ಷದ ಹುಡುಗಿಯ ಅಂಗೈ ತಣ್ಣಗೆ ಬೆವರುವುದು ಮೊದಲು ತಿಳಿಯುವುದು ತಾಯಿಗೆ. ಬೆರಳು ಚುಚ್ಚಿ ನೋಡಿದರೆ ಗ್ಲುಕೋಮೀಟರಿನಲ್ಲಿ ಸಕ್ಕರೆ 62, ಇರಬೇಕಾದುದಕ್ಕಿಂತ ಕಡಿಮೆ. ಎರಡು ಗಂಟೆ ಮೊದಲು, ಸಕ್ಕರೆಯ ಮಟ್ಟ ನೋಡಿಕೊಂಡು, ತಿರುಳಿಲ್ಲದ ಸೇಬಿನ ರಸವನ್ನೋ ಗ್ಲೂಕೋಸ್ ನೀರನ್ನೋ ಸ್ವಲ್ಪ ಕುಡಿಸಿದ್ದರೆ ಈ ಅಂಕಿ ಕಾಣುವ ಸಂಭವ ಕಡಿಮೆಯಿತ್ತು. ಬಾಯಾರದ ಮಗು ಅಳುವುದೂ ಕಡಿಮೆ, ಸೂಜಿ ಹಾಕಲು ರಕ್ತನಾಳ ಸಿಗುವುದೂ ಸುಲಭ.

ವಿರೋಧ: ಬಾಯಿಗೆ ಬೇಡ, ಡ್ರಿಪ್ ಸಾಕು

ಆ ತಾಯಿಯ ಆತಂಕ ನನಗೂ ಅರ್ಥವಾಗುತ್ತದೆ. ಆದರೆ ಆರೋಗ್ಯವಂತ ಮಕ್ಕಳಿಗೆಂದು ಸಡಿಲಿಸಿದ ನಿಯಮವನ್ನು ಮಧುಮೇಹದ ಮಗುವಿಗೆ ಹಾಗೆಯೇ ಹೊಂದಿಸಲಾಗದು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಾಗ ಜಠರ ನಿಧಾನವಾಗಿ ಖಾಲಿಯಾಗುತ್ತದೆ. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕಿಳಿದರೆ ಆಗುವ ಅನಾಹುತಕ್ಕೆ ಹೋಲಿಸಿದರೆ ಒಂದೆರಡು ಗಂಟೆಯ ಬಾಯಾರಿಕೆ ಸಹಿಸಬಹುದಾದದ್ದು.

‘ತಿಳಿ ದ್ರವ’ ಎಂಬ ಮಾತು ಮನೆಯಲ್ಲಿ ಪಡೆಯುವ ಅರ್ಥವೂ ನನ್ನನ್ನು ಕಾಡುತ್ತದೆ. ಅಜ್ಜಿಯ ಕಣ್ಣಿಗೆ ಅನ್ನದ ಗಂಜಿಯ ತಿಳಿಯೂ ನೀರೇ, ಮಜ್ಜಿಗೆಯೂ ನೀರೇ. ಸೋಸದ ಎಳನೀರಿನಲ್ಲಿ ಒಳಗಿನ ಗಂಜಿಯ ಎಳೆಗಳು ತೇಲುತ್ತಿದ್ದರೂ ಅದು ನೀರೇ. ‘ಸ್ವಲ್ಪವೇ ಕೊಟ್ಟೆ’ ಎಂದು ಪ್ರೀತಿಯಿಂದ ಕುಡಿಸಿದ ಲೋಟದ ಲೆಕ್ಕ ಯಾವ ಹಾಳೆಯಲ್ಲಿಯೂ ದಾಖಲಾಗುವುದಿಲ್ಲ. ಇನ್ನು ಶಸ್ತ್ರಚಿಕಿತ್ಸೆಯ ಒತ್ತಡಕ್ಕೆ ಕಾರ್ಟಿಸೋಲ್, ಅಡ್ರಿನಲಿನ್ ಎಂಬ ಹಾರ್ಮೋನುಗಳು ಏರಿ ಸಕ್ಕರೆ ತಾನಾಗಿಯೇ ಮೇಲೇಳುತ್ತದೆ. ಅದರ ಮೇಲೆ ಸಿಹಿ ಕುಡಿಸಿದರೆ ಡೆಸಿಲೀಟರ್ ರಕ್ತಕ್ಕೆ 90ರಿಂದ 180 ಮಿಲಿಗ್ರಾಂ ಸಕ್ಕರೆ ಎಂಬ ಗುರಿ ದಾಟುವುದು ಕಷ್ಟವೇನಲ್ಲ.

ಇದಕ್ಕಿಂತ ಭದ್ರವಾದ ದಾರಿಯಿದೆ: ಈ ಮಗುವಿನ ಹೆಸರನ್ನು ಬೆಳಗಿನ ಪಟ್ಟಿಯಲ್ಲಿ ಮೊದಲಿಗಿಡುವುದು, ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಡ್ರಿಪ್ ಹಾಗೂ ಇನ್ಸುಲಿನ್ ಜೊತೆಗೆ ಗಂಟೆಗೊಮ್ಮೆ ರಕ್ತ ಪರೀಕ್ಷಿಸುವುದು. ಡ್ರಿಪ್‌ನ ವೇಗವನ್ನು ಸಕ್ಕರೆ ನೋಡಿ ಏರಿಸಬಹುದು, ಇಳಿಸಬಹುದು, ನಿಲ್ಲಿಸಬಹುದು. ಕುಡಿದ ಲೋಟವನ್ನು ಹಿಂದಕ್ಕೆ ಪಡೆಯಲಾಗದು. ಎಚ್ಚರವಾದ ಮೇಲೆ, ವಾಂತಿಯಿಲ್ಲವೆಂದು ಖಾತ್ರಿಯಾದಾಗ, ರಾಗಿ ಗಂಜಿಯನ್ನು ಅದೇ ಅಜ್ಜಿ ಕುಡಿಸಲಿ. ಮಗು ಎಷ್ಟು ಕುಡಿಯಿತೆಂದು ನೋಡಿಕೊಂಡು, ಆ ಊಟದ ಇನ್ಸುಲಿನ್ ಅನ್ನು ದಾದಿ ಕುಡಿದಾದ ಬಳಿಕ ಕೊಡಲಿ.