ಮಾಟ ಇರುವುದು ಲೈಲಾಕ್ ಗಿಡದಲ್ಲಿ

ಆಲಿಸ್ ಹಾಫ್‌ಮನ್ ಅವರ ‘ಪ್ರಾಕ್ಟಿಕಲ್ ಮ್ಯಾಜಿಕ್’ (1995) ಕಾದಂಬರಿಯಲ್ಲಿ ಮಾಟವೇ ಕಡಿಮೆ ಎಂಬ ಓದುಗರ ದೂರನ್ನು ಆ ಕಾದಂಬರಿಯ ಬಗ್ಗೆ ನಾನು ಓದಿದ ಲೇಖನವೊಂದು ಸುಲಭವಾಗಿ ಒಪ್ಪಿಬಿಟ್ಟಿದೆ. ನನ್ನ ಒಪ್ಪಿಗೆಯಿಲ್ಲ. ಸ್ಯಾಲಿ, ಜಿಲಿಯನ್ ಎಂಬ ಅಕ್ಕತಂಗಿಯರು ಜಿಲಿಯನ್‌ಳ ಪ್ರಿಯಕರ ಜಿಮ್ಮಿಯ ಹೆಣವನ್ನು ಹಿತ್ತಲಲ್ಲಿ ಹೂತ ಮೇಲೆ ಅಲ್ಲಿನ ಲೈಲಾಕ್ ಹುಚ್ಚೆದ್ದು ಬೆಳೆಯುತ್ತದೆ. ಆ ಹೂವಿನ ವಾಸನೆಗೇ ನನಗೆ ಮೈ ಜುಮ್ಮೆಂದಿತು (ಲೈಲಾಕ್ ಹೂವನ್ನು ನಾನು ಕಂಡೇ ಇಲ್ಲ, ಆ ಮಾತು ಬೇರೆ!). ಊದಿದೊಡನೆ ಮೇಣದಬತ್ತಿ ಹೊತ್ತಿಕೊಳ್ಳಬೇಕು ಎನ್ನುವವರು ಇದೇ ಕಾದಂಬರಿಯಿಂದ ಮಾಡಿದ 1998ರ ಸಿನಿಮಾ ನೋಡಿಕೊಳ್ಳಲಿ.

ನನ್ನ ತಕರಾರು ಪ್ರೇಮದ ಭಾಗದ ಮೇಲೆ. ಗಂಡನನ್ನು ಕಳೆದುಕೊಂಡು ಕಲ್ಲಾಗಿದ್ದ ಸ್ಯಾಲಿ, ತನಿಖೆಗೆ ಬಂದ ಗ್ಯಾರಿ ಹ್ಯಾಲೆಟ್‌ನನ್ನು ಕಂಡ ಕೂಡಲೇ ಬೆಣ್ಣೆಯಂತೆ ಕರಗುವುದೇ? ಇನ್ನೊಂದು ಇಪ್ಪತ್ತು ಪುಟವಾದರೂ ಅವಳನ್ನು ಸತಾಯಿಸಬೇಕಿತ್ತು. ಅಕ್ಕತಂಗಿಯರನ್ನು ಸಾಕಿದ ಚಿಕ್ಕಮ್ಮಂದಿರು ಬರುವ ಪುಟಗಳನ್ನಂತೂ ಎರಡೆರಡು ಸಲ ಓದಿದೆ.