ಸ್ಪಷ್ಟನೆ: ರೋವನ್ ಆಟ್ಕಿನ್ಸನ್ ಮಾತಿನಿಂದಲೇ ಗೆದ್ದವರು

‘ಉಗ್ಗಿನಿಂದಾಗಿ ಬ್ರಿಟಿಷ್ ಹಾಸ್ಯನಟ ರೋವನ್ ಆಟ್ಕಿನ್ಸನ್‌ಗೆ ಟಿವಿಯಲ್ಲಿ ಯಾರೂ ಅವಕಾಶ ಕೊಡಲಿಲ್ಲ, ಕೊನೆಗೆ ಮಾತಿಲ್ಲದ ಮಿಸ್ಟರ್ ಬೀನ್ ಆಗಿ ಗೆದ್ದರು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಕಳೆದ ವಾರ ನಾನೂ ಹಂಚಿಕೊಂಡಿದ್ದೆ. ಅದು ತಪ್ಪು.

ಉಗ್ಗು ಇರುವುದು ನಿಜ, ಅವರೇ ಹೇಳಿಕೊಂಡಿದ್ದಾರೆ. ‘ಬ’ಕಾರ ಅವರಿಗೆ ತೊಡಕು, ಅದನ್ನು ದಾಟಲು ತುಟಿಯೊತ್ತಿ, ಸಿಡಿಸುವಂತೆ ಉಚ್ಚರಿಸುತ್ತಾರೆ. ಪಾತ್ರದೊಳಗೆ ಇಳಿದಾಗ ತೊಡಕು ಕಡಿಮೆಯಾಗುತ್ತದೆ ಎಂದೂ ಹೇಳಿದ್ದಾರೆ. ಆದರೆ ಬೀನ್ ಟಿವಿಗೆ ಬಂದದ್ದು 1990ರ ಜನವರಿ 1ರಂದು. ಅಷ್ಟರಲ್ಲಿ ಅವರು ಬ್ರಿಟನ್ನಿನಲ್ಲಿ ಮನೆಮಾತಾಗಿದ್ದರು. 1979ರಲ್ಲಿ ಬಿಬಿಸಿಯ ಹಾಸ್ಯ ಕಾರ್ಯಕ್ರಮ ‘ನಾಟ್ ದ ನೈನ್ ಓ ಕ್ಲಾಕ್ ನ್ಯೂಸ್’, 1983ರಿಂದ ‘ಬ್ಲ್ಯಾಕ್‌ಆ್ಯಡರ್’. ಎರಡನೆಯದಂತೂ ಮಾತಿನ ಚಾಟಿಯೇಟಿನ ಮೇಲೆಯೇ ನಿಂತ ಧಾರಾವಾಹಿ. ಅದರ ಮೊದಲ ಸರಣಿಯನ್ನು ಬರಹಗಾರ ರಿಚರ್ಡ್ ಕರ್ಟಿಸ್ ಜೊತೆಗೂಡಿ ಬರೆದವರೂ ಅವರೇ.

ಆಕ್ಸ್‌ಫರ್ಡ್‌ನಲ್ಲಿ ಅವರು ಡಾಕ್ಟರೇಟ್ ಪಡೆದರೆಂಬ ಮಾತೂ ತಪ್ಪು. ಅವರು ಪಡೆದದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ.

ಉಗ್ಗುವ ಮಗುವೊಂದು ಆ ಸಂದೇಶ ಓದಿ, ‘ನನಗೆ ಮೌನವೇ ಗತಿ’ ಎಂದುಕೊಂಡರೆ ಎಂಬುದು ನನ್ನ ಸಂಕಟ. ದಯವಿಟ್ಟು ಅದನ್ನು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಗುಂಪಿಗೆ ಈ ತಿದ್ದುಪಡಿಯನ್ನೂ ಹಾಕಿ.